ಗ್ಯಾಡೋಲಿನಿಯಂ ಗುಳಿ

ಪ್ರಯೋಗಾಲಯದ ಕುಲುಮೆಯವಳು ಗಂಡ ತೀರಿಹೋದ ಮೇಲೆ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಹಾಕಬಾರದೆಂದೇನಲ್ಲ, ಬರಲೇ ಇಲ್ಲ. ಮನೆಯಲ್ಲಿ ನಾದಿನಿ ಪಿಸುದನಿಯಲ್ಲೇ ಮಾತಾಡುತ್ತಿದ್ದಳು. ಕೆಲಸದ ಕಡೆ ಎಲ್ಲರದೂ ಅತಿ ನಯ. ಅವಳು ಬಾಗಿಲು ಹಾಕಲು ಮರೆತರೆ ಬೈದು ರಂಪ ಮಾಡುತ್ತಿದ್ದ ಒಬ್ಬನೇ ಒಬ್ಬ ಮನುಷ್ಯ, ಆ ಗಂಡ, ಈಗ ಇರಲಿಲ್ಲ.

ಲೋಹದ ಚೂರುಗಳನ್ನು ವಿದ್ಯುತ್ ಕಿಡಿಯಲ್ಲಿ ಕರಗಿಸಿ ಅಂಗಿ ಗುಂಡಿಯಷ್ಟು ಮಿಶ್ರಲೋಹ ಮಾಡಿಕೊಡುವುದು ಅವಳ ಕೆಲಸ. ಅದನ್ನು ದ್ರವ ಹೀಲಿಯಂನಲ್ಲಿ ತಣ್ಣಗಾಗಿಸಿದರೆ ಒಂದು ಹಂತದಲ್ಲಿ ವಿದ್ಯುತ್ತಿಗೆ ಅಡ್ಡಿಯೇ ಇಲ್ಲದಂತಾಗುತ್ತದೆ. ಬಲವಾದ ಅಯಸ್ಕಾಂತ ಹತ್ತಿರ ಬಂದರೆ ಆ ಗುಣ ಹೋಗುತ್ತದೆ, ದೂರ ಸರಿದರೆ ಮರಳುತ್ತದೆ. ಆದರೆ ಗ್ಯಾಡೋಲಿನಿಯಂನಂಥ ಕಾಂತೀಯ ಲೋಹ ಚೂರೇ ಚೂರು ಒಳಗೆ ಬೆರೆತರೆ ಕೆಲಸ ಕೆಟ್ಟಿತು. ಕರಗಿಹೋದದ್ದನ್ನು ಹೆಕ್ಕಿ ತೆಗೆಯುವವರು ಯಾರು? ಅದಕ್ಕೇ ಲೋಹ ಕರಗಿಸಲು ಗುಳಿಗಳಿರುವ ಕುಲುಮೆಯ ತಾಮ್ರದ ತಟ್ಟೆಯಲ್ಲಿ ಮೂಲೆಯ ಗುಳಿ ಗ್ಯಾಡೋಲಿನಿಯಂಗೇ ಮೀಸಲು. ಅದರ ಪಕ್ಕ ಗೀರು ಹಾಕಿದವಳೂ ಅವಳೇ.

ಅಂಥವಳು ಸಂಶೋಧನೆಯ ಹುಡುಗಿಯ ಶುದ್ಧ ಲ್ಯಾಂಥನಂ ಮಿಶ್ರಲೋಹವನ್ನು ಅದೇ ಗುಳಿಯಲ್ಲಿ ಕರಗಿಸಿಬಿಟ್ಟಳು. ಕೈ ತನ್ನ ಪಾಡಿಗೆ ಕೆಲಸ ಮಾಡಿತ್ತು, ಮನಸ್ಸು ಎಲ್ಲೂ ಇರಲಿಲ್ಲ.

ಹೀಲಿಯಂ ಸುರಿದರು. ಪರದೆಯ ಮೇಲೆ ವಿದ್ಯುತ್ತಿನ ಅಡ್ಡಿ ತೋರಿಸುವ ಗೆರೆ ಕೆಳಗೆ ಬೀಳಬೇಕಾದಲ್ಲಿ ಬೀಳದೆ ಹಾಗೇ ಸಾಗಿತು.

"ತಂತಿ ಬಿಟ್ಟಿರ್ಬೇಕು" ಎಂದರು ಹುಡುಗಿಗೆ ಮಾರ್ಗದರ್ಶಕರಾಗಿದ್ದ ಮೇಷ್ಟ್ರು.

ಅವಳು ಹೋಗಿ ಕುಲುಮೆ ತೆರೆದು ನೋಡಿದಳು. ಗೀರಿನ ಗುಳಿಯ ಸುತ್ತ ಹೊಸ ಮಸಿ. ವಾಪಸು ಬಂದು, "ಗುಳಿ ತಪ್ಪಿದ್ದು ನಾನು ಸಾರ್" ಎಂದಳು. ಯಾರದೋ ಸುದ್ದಿ ಹೇಳಿದ ಹಾಗಿತ್ತು.

"ಇರ್ಲಿ ಬಿಡಿಮ್ಮ, ಇಂಥ ಹೊತ್ತಲ್ಲಿ ಯಾರಿಗಾದ್ರೂ ಆಗತ್ತೆ. ಸ್ವಲ್ಪ ದಿನ ಮನೇಲಿದ್ದು ಸುಧಾರಿಸ್ಕೊಳ್ಳಿ."

ಮನೆ! ಆ ಪಿಸುದನಿಯ ನಡುವೆ ಕೂತರೆ ತಾನು ಪೂರ್ತಿ ಕಲ್ಲಾಗುವುದು ಖಂಡಿತ ಎಂದು ಅವಳಿಗೆ ಗೊತ್ತಿತ್ತು. ಆದರೂ ಆಗಲೆಂದು ತಲೆಯಾಡಿಸಿದಳು.

ಹುಡುಗಿಗೆ ಮಾತ್ರ ತಡೆಯಲಾಗಲಿಲ್ಲ. "ಏನ್ ಸಾರ್ ಬಿಡೋದು? ನನ್ನ ಪಾಲಿನ ಹೀಲಿಯಂ ಎಲ್ಲಾ ಖಾಲಿ! ಇನ್ನು ಬರೋದು ಮುಂದಿನ ವರ್ಷ. ಅಕ್ಕಾ, ಕಣ್ಣು ಎಲ್ಲಿಟ್ಕೊಂಡಿದ್ರಿ? ಅಷ್ಟೂ ಗ್ಯಾನ ಬೇಡ್ವಾ ನಿಮ್ಗೆ?"

ಮೇಷ್ಟ್ರು ಗಾಬರಿಯಾಗಿ ಹುಡುಗಿಯ ತೋಳು ಹಿಡಿದರು. ಹುಡುಗಿ ನಾಲಿಗೆ ಕಚ್ಚಿಕೊಂಡಳು.

ಕುಲುಮೆಯವಳ ಎದೆಯೊಳಗೆ ಏನೋ ಚುಳ್ಳೆಂದಿತು. ಇಷ್ಟು ದಿನದಲ್ಲಿ ಮೊದಲ ಸಲ ನೋವಾಗಿತ್ತು. ಗಲ್ಲ ಒದ್ದೆಯಾಯಿತು, ಒರೆಸಿಕೊಳ್ಳಲೂ ತೋಚಲಿಲ್ಲ.

"ಅವಳನ್ನ ತಡೀಬೇಡಿ ಸಾರ್" ಎಂದಳು. "ಬೈಯಮ್ಮಾ, ಇನ್ನೂ ಬೈಯಿ."