ಪುಕ್ಕಲ ಮೇಸ್ತ್ರಿಯ ಬ್ರೇಕ್ ಎಣ್ಣೆ

ಫೌಸ್ತಿನೊ ಮೇಸ್ತ್ರಿಯ ಭಯ ನಮ್ಮ ಸಾಂತಿಯಾಗೊದಲ್ಲಿ ಅವನ ಕೈಗುಣದಷ್ಟೇ ಹೆಸರುವಾಸಿ. ಹಳೆಯ ಅಮೆರಿಕನ್ ಕಾರುಗಳ ಜೀವ ಹಿಡಿದಿಡುವ ಮೇಸ್ತ್ರಿಗಳಿಗೆ ನಮ್ಮಲ್ಲಿ ಬರವಿಲ್ಲ, ಬೀದಿಗೊಬ್ಬ ಸಿಗುತ್ತಾನೆ. ಎಲ್ಲರೂ ದೊಡ್ಡ ಗಂಟಲಿನವರು. "ಹೋಗು, ಏನೂ ಆಗಲ್ಲ" ಎಂದು ಬಾನೆಟ್ ಮೇಲೊಂದು ಏಟು ಕೊಟ್ಟು ಗಿರಾಕಿಯನ್ನು ಕಳಿಸಿಬಿಡುವವರು. ಫೌಸ್ತಿನೊ ಒಬ್ಬ ಮಾತ್ರ ಕೈ ಒರೆಸಿಕೊಳ್ಳುತ್ತ, ಕಾರಿನ ಸುತ್ತ ಇನ್ನೊಂದು ಸುತ್ತು ಹಾಕಿ, "ಅಕಸ್ಮಾತ್ ಏನಾದ್ರೂ ಆದ್ರೆ?" ಎನ್ನುವವನು. ಜನ ಅವನಿಗೆ ಪುಕ್ಕಲ ಮೇಸ್ತ್ರಿ ಎಂದು ಹೆಸರಿಟ್ಟಿದ್ದರು. ಎದುರಿಗೇ ಕರೆಯುತ್ತಿದ್ದರು. ಅವನೂ ಓಗೊಡುತ್ತಿದ್ದ.

ಭಯವೇನೂ ಹುಟ್ಟಿನಿಂದ ಬಂದದ್ದಲ್ಲ. ಅವನು ಹತ್ತೊಂಬತ್ತರ ಹುಡುಗನಾಗಿದ್ದಾಗ, ಊರಿನ ಉತ್ತರಕ್ಕಿರುವ ಬೊನಿಯಾತೊ ಘಟ್ಟದಲ್ಲಿ ಬ್ರೇಕ್ ಹೋದ ಲಾರಿಯೊಂದು ಕಮರಿಗೆ ಉರುಳಿತ್ತು. ಒಳಗಿದ್ದವರನ್ನು ಹೊರತೆಗೆಯಲು ಹಾರೆ, ಸ್ಪ್ಯಾನರ್ ಇರುವವರೆಲ್ಲ ಬನ್ನಿ ಎಂದು ಕರೆ ಬಂದಾಗ ಅವನೂ ಹೋಗಿದ್ದ. ಆ ದಿನ ಕಂಡದ್ದನ್ನು ಅವನು ಹೆಂಡತಿಗೂ ಹೇಳಲಿಲ್ಲ. ಅಲ್ಲಿಂದಾಚೆಗೆ ತಾನು ಕೈಹಾಕಿದ ಬ್ರೇಕು ಹಿಡಿಯುತ್ತದೆಂದು ತನ್ನ ಮೈಗೇ ಗೊತ್ತಾಗದೆ ಯಾವ ಕಾರನ್ನೂ ಬಿಟ್ಟುಕೊಡುತ್ತಿರಲಿಲ್ಲ. ಡ್ರೈವರನ ಪಕ್ಕ ಕುಳಿತು, ಬೆಟ್ಟದ ಮೇಲಿನ ಬೀದಿಯಿಂದ ಬಂದರಿನವರೆಗೆ ಮೂರು ಸಲ ಇಳಿಸಿ ಮೂರು ಸಲ ಹತ್ತಿಸುತ್ತಿದ್ದ. ಗಿರಾಕಿಗಳು ಗೊಣಗುತ್ತಿದ್ದರು, ಪೆಟ್ರೋಲು ದಂಡ ಎಂದು ತಲೆ ಚಚ್ಚಿಕೊಳ್ಳುತ್ತಿದ್ದರು, ಮುಂದಿನ ಸಲ ಮತ್ತೆ ಅವನ ಹತ್ತಿರವೇ ಬರುತ್ತಿದ್ದರು.

ಈ ಕಸುಬೂ ಮನುಷ್ಯನನ್ನು ನೆಮ್ಮದಿಯಾಗಿ ಇರಗೊಡುವಂಥದ್ದಲ್ಲ. ಕಾರು ಅಮೆರಿಕದ್ದು, ಅದರ ನಟ್ಟು ಬೋಲ್ಟುಗಳ ಲೆಕ್ಕ ಇಂಚಿನದು. ಸ್ಪ್ಯಾನರು ರಷ್ಯಾದ್ದು, ಅದರದು ಮಿಲಿಮೀಟರು. ಒಂದು ಸಡಿಲ, ಇನ್ನೊಂದು ಬಿಗಿ. ಸಂದಿಗೆ ಬ್ಲೇಡಿನ ಚೂರು ತುರುಕಿ ತಿರುಗಿಸಬೇಕು. ಎಪ್ಪತ್ತು ವರ್ಷದ ತುಕ್ಕು ಹಿಡಿದ ಬೋಲ್ಟು ಅರ್ಧ ತಿರುಗಿ, ಇನ್ನೇನು ಬಂತು ಎನ್ನುವಾಗ ಕುತ್ತಿಗೆಯಲ್ಲೇ ಮುರಿಯುತ್ತದೆ. ಬೆರಳಿನ ಗಿಣ್ಣು ಸುಲಿದು ರಕ್ತ ಬರುತ್ತದೆ. ಇರುವ ಒಂದೇ ಒಂದು ವಾಷರು ಕೈಜಾರಿ ನೇರ ಚರಂಡಿಗೇ ಬೀಳುತ್ತದೆ, ಬೇರೆಲ್ಲೂ ಬೀಳುವುದಿಲ್ಲ. ಕೈ ಬ್ರೇಕಿನ ತಂತಿ ಯಾವ ಕಾಲದಲ್ಲೋ ಯಾರದೋ ಅಂಗಳದಲ್ಲಿ ಬಟ್ಟೆ ಒಣಹಾಕುವ ಹಗ್ಗವಾಗಿರುತ್ತದೆ. ಬ್ರೇಕ್ ಎಣ್ಣೆಯನ್ನಂತೂ ಅಂಗಡಿಯಲ್ಲಿ ಕೇಳುವಂತೆಯೇ ಇಲ್ಲ. ಅದಕ್ಕೆ ನಮ್ಮಲ್ಲಿ ಹರಳೆಣ್ಣೆಗೆ ಸ್ಪಿರಿಟ್ಟು ಬೆರೆಸಿ ಹಾಕುತ್ತಾರೆ. ಚಕ್ರದೊಳಗೆ ಆ ಎಣ್ಣೆಯನ್ನು ತಡೆದು ಹಿಡಿಯುವ ರಬ್ಬರ್ ಬಟ್ಟಲುಗಳನ್ನು ಟ್ರ್ಯಾಕ್ಟರ್ ಟಯರಿನಿಂದ ಕೊರೆಯುತ್ತಾರೆ. ಹರಳೆಣ್ಣೆ ರಬ್ಬರಿಗೆ ಏನೂ ಮಾಡುವುದಿಲ್ಲ. ಬೇರೆ ಎಣ್ಣೆ, ಅಂದರೆ ನೆಲದಿಂದ ಬರುವ ಎಣ್ಣೆ ತಗುಲಿದರೆ ರಬ್ಬರು ಉಬ್ಬಿ ಕೊಳೆಯುತ್ತದೆ. ಇದು ನಮ್ಮೂರಿನ ಮಕ್ಕಳಿಗೂ ಗೊತ್ತು.

ಹೆಂಡತಿ ಎಲಿಯಾ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಮನೆಯಲ್ಲಿ ಇದ್ದವರು ಅವನು ಮತ್ತು ಮಗಳು ಯಾನೆಲಿಸ್, ಇಬ್ಬರೇ. ಅಪ್ಪನ ಭಯದಲ್ಲಿ ಕಾಲುಭಾಗವೂ ಅವಳಿಗೆ ಬಂದಿರಲಿಲ್ಲ. ಓಡುವ ಲಾರಿಗೆ ಹಾರಿ ಹತ್ತುವುದು, ಮಿಂಚಿನ ಮಳೆಯಲ್ಲಿ ಸಮುದ್ರಕ್ಕಿಳಿಯುವುದು, ಯಾವ ಗೂಳಿಯ ಮುಂದೆಯೂ ದಾರಿ ಬಿಡದೆ ನಿಲ್ಲುವುದು. ಸ್ವಲ್ಪವಾದರೂ ಹೆದರಿಕೆ ಕೊಡಪ್ಪಾ ಇವಳಿಗೆ ಎಂದು ಅವನು ಚರ್ಚಿನಲ್ಲಿ ಮೊಂಬತ್ತಿ ಹಚ್ಚಿದ್ದೂ ಉಂಟು. ಇಪ್ಪತ್ಮೂರು ತುಂಬಿದ ಮೇಲೆ ಅವಳಿಗೆ ಟೀಚರ್ ಕೆಲಸ ಸಿಕ್ಕಿತು, ಘಟ್ಟದ ಆಚೆ ಬದಿಯ ಕಣಿವೆಯ ಶಾಲೆಯಲ್ಲಿ.

ಕೆಲಸಕ್ಕೆ ಸೇರುವ ಸೋಮವಾರ ಬೆಳಿಗ್ಗೆ ಅವಳು ಹೊರಟದ್ದು ಬೆಲಾರ್ಮಿನೊನ ಕಾರಿನಲ್ಲಿ. ಐವತ್ತೆರಡನೇ ಇಸವಿಯ ಹಸಿರು ಕಾರು ಅದು; ದಿನಾ ಜನರನ್ನು ತುಂಬಿಕೊಂಡು ಘಟ್ಟ ದಾಟುತ್ತಿತ್ತು. ಅದರ ನಾಲ್ಕೂ ಚಕ್ರಗಳ ಬ್ರೇಕನ್ನು ಬಿಚ್ಚಿ, ಹೊಸ ರಬ್ಬರು ಕೂರಿಸಿ, ಎಣ್ಣೆ ತುಂಬಿದ್ದು ಫೌಸ್ತಿನೊನೇ, ಹಿಂದಿನ ದಿನ ಸಂಜೆ. ಬೆಳಿಗ್ಗೆ ಎಂದಿನಂತೆ ಬಂದರಿನವರೆಗೆ ಇಳಿಸಿ ನೋಡಲು ಅವನು ಬಾಗಿಲು ತೆಗೆಯುತ್ತಿದ್ದಂತೆ ಯಾನೆಲಿಸ್ ಅಡ್ಡ ನಿಂತಳು.

"ಪಪ್ಪಾ, ನೀನು ಮೂರು ಸಲ ಹತ್ತಿ ಇಳಿಯೋ ಹೊತ್ತಿಗೆ ನನ್ನ ಮಕ್ಕಳು ಮುಂದಿನ ಕ್ಲಾಸಿಗೆ ಪಾಸಾಗಿರ್ತಾರೆ. ಮೊದಲನೇ ದಿನಾನೇ ತಡವಾಗಿ ಹೋಗ್ಲಾ?"

"ಒಂದೇ ಸಲ, ಮಗಳೇ. ಒಂದೇ ಒಂದು."

"ಈ ಒಂದೇ ಒಂದು ನಾನು ಹುಟ್ಟಿದಾಗಿಂದ ಕೇಳ್ತಾ ಇದೀನಿ."

ಬೆಲಾರ್ಮಿನೊ ಸ್ಟೇರಿಂಗ್ ಹಿಡಿದುಕೊಂಡೇ ಪೆಡಲು ಒತ್ತಿ ತೋರಿಸಿದ. "ಕಲ್ಲಿದ್ದ ಹಾಗಿದೆ ಮಾರಾಯ. ನಿನ್ನ ಕೈ ಮೇಲೆ ನಂಗೆ ನಂಬಿಕೆ ಇದೆ, ನಿಂಗೇ ಇಲ್ವಲ್ಲ!"

ಒಳಗೆ ಕುಳಿತ ಐದು ಜನ ನಕ್ಕರು. ಫೌಸ್ತಿನೊನಿಗೆ ನಾಚಿಕೆಯಾಯಿತು. ಮಗಳ ಮೊದಲ ದಿನ, ಅವಳ ಮುಖ ಯಾಕೆ ಸಣ್ಣದು ಮಾಡಲಿ ಎಂದುಕೊಂಡ. ನಲವತ್ತು ವರ್ಷದಲ್ಲಿ ಮೊದಲ ಸಲ, ಬಾನೆಟ್ ಮೇಲೊಂದು ಏಟು ಕೊಟ್ಟು, "ಹೋಗಿ, ಏನೂ ಆಗಲ್ಲ" ಎಂದ.

ಅರ್ಧ ಗಂಟೆ ಕಳೆದಿರಬೇಕು. ಕಾಫಿ ಕುಡಿದು ಶೆಡ್ಡಿಗೆ ಬಂದು, ನಿನ್ನೆ ಎಣ್ಣೆ ಬೆರೆಸಿದ ತಗಡಿನ ಡಬ್ಬಿ ತೊಳೆಯೋಣವೆಂದು ಕೈಗೆತ್ತಿಕೊಂಡ. ತಳದಲ್ಲಿ ನಾಲ್ಕು ಬೆರಳಿನಷ್ಟು ಎಣ್ಣೆ ಉಳಿದಿತ್ತು. ಹೆಚ್ಚಿಗೆ ಕೊರೆದಿದ್ದ ಒಂದು ರಬ್ಬರ್ ಬಟ್ಟಲು ಒಣಗದಿರಲಿ ಎಂದು ಅದರಲ್ಲೇ ಹಾಕಿಟ್ಟಿದ್ದ. ಎಣ್ಣೆ ಎರಡಾಗಿ ನಿಂತಿತ್ತು. ಮೇಲೆ ನೀರಿನಂಥ ಸ್ಪಿರಿಟ್ಟು, ಕೆಳಗೆ ಹಳದಿ ಎಣ್ಣೆ, ನಡುವೆ ಗೆರೆ ಎಳೆದ ಹಾಗೆ.

ಹರಳೆಣ್ಣೆ ಸ್ಪಿರಿಟ್ಟಿನಲ್ಲಿ ಕರಗುತ್ತದೆ, ಹೀಗೆ ಬೇರೆಯಾಗಿ ನಿಲ್ಲುವುದಿಲ್ಲ. ಅವನು ಬೆರಳು ಅದ್ದಿ ರಬ್ಬರನ್ನು ಎತ್ತಿದ. ರಾತ್ರಿ ನೆನೆಹಾಕಿದ ಹುರುಳಿಕಾಳಿನಂತೆ ಉಬ್ಬಿಕೊಂಡಿತ್ತು.

ಕಪಾಟಿನಲ್ಲಿ ಎರಡು ರಮ್ ಬಾಟಲಿಗಳಿದ್ದವು. ಒಂದರಲ್ಲಿ ಹರಳೆಣ್ಣೆ. ಇನ್ನೊಂದರಲ್ಲಿ ವಿದ್ಯುತ್ ಕಂಬ ಹತ್ತುವ ಗೆಳೆಯನೊಬ್ಬ ಫ್ಯಾನಿಗೆ ಬಿಡಲು ಕೊಟ್ಟಿದ್ದ, ನೆಲದಿಂದ ಬರುವ ಟ್ರಾನ್ಸ್‌ಫಾರ್ಮರ್ ಎಣ್ಣೆ. ಹರಳೆಣ್ಣೆ ಬಾಟಲಿ ಬಿರಡೆಯ ಮಟ್ಟಕ್ಕೆ ತುಂಬಿತ್ತು, ಇನ್ನೊಂದು ಖಾಲಿ. ನಿನ್ನೆ ಸಂಜೆ ಕರೆಂಟು ಹೋಗಿತ್ತು. ನೆಗಡಿಯಾಗಿ ಮೂಗು ಕಟ್ಟಿತ್ತು. ಕತ್ತಲಲ್ಲಿ ತಡಕಾಡಿ, ಕೈಗೆ ಸಿಕ್ಕಿದ ಬಾಟಲಿ ಬಗ್ಗಿಸಿ, ಗರಗರ ಕಲಕಿ ತುಂಬಿಬಿಟ್ಟಿದ್ದ.

ನಾಲ್ಕೂ ಚಕ್ರದ ರಬ್ಬರು ಈ ಹೊತ್ತಿಗೆ ಹೀಗೇ ಉಬ್ಬಿರುತ್ತದೆ. ಹತ್ತುವಾಗ ಬ್ರೇಕು ಬೇಕಾಗುವುದಿಲ್ಲ. ತುದಿ ದಾಟಿ ಇಳಿಯತೊಡಗಿದ ಮೇಲೆ ಒಂದು ಸಲ, ಎರಡು ಸಲ ಹಿಡಿಯುತ್ತದೆ, ಹತ್ತನೆಯ ಸಲಕ್ಕೆ ರಬ್ಬರು ಹರಿಯುತ್ತದೆ, ಪೆಡಲು ನೆಲಕ್ಕೆ ಹೋಗುತ್ತದೆ. ಅವನಿಗೆ ಹತ್ತೊಂಬತ್ತನೆಯ ವಯಸ್ಸಿನ ಆ ಕಮರಿ ಕಣ್ಣಿಗೆ ಕಟ್ಟಿತು.

ಫೋನು ಮಾಡಿದ. ಬೆಲಾರ್ಮಿನೊನದು ಸಿಗಲಿಲ್ಲ, ಮಗಳದೂ ಸಿಗಲಿಲ್ಲ. ಘಟ್ಟದಲ್ಲಿ ಸಿಗುವುದೂ ಇಲ್ಲ. ಕೈಗೆ ಸಿಕ್ಕ ಸ್ಪ್ಯಾನರು, ಸ್ಕ್ರೂಡ್ರೈವರು ಜೇಬಿಗೆ ತುರುಕಿ ಬೀದಿಗೆ ಓಡಿದ. ಬ್ರೆಡ್ಡು ಹಂಚುವ ಓಬ್ದುಲಿಯಾ ಪಕ್ಕಕ್ಕೆ ತೊಟ್ಟಿ ಕಟ್ಟಿದ ತನ್ನ ರಷ್ಯನ್ ಮೋಟಾರುಬೈಕನ್ನು ಆಗಷ್ಟೇ ಸ್ಟಾರ್ಟ್ ಮಾಡಿದ್ದಳು.

"ಬೊನಿಯಾತೊಗೆ ಹೊಡಿ, ಓಬ್ದುಲಿಯಾ!"

"ಬ್ರೆಡ್ಡು?"

"ಬ್ರೆಡ್ಡು ಹಾಳಾಗ್ಲಿ! ಯಾನೆಲಿಸ್ ಇರೋ ಕಾರಿಗೆ ಬ್ರೇಕಿಲ್ಲ. ನಾನೇ ಕೆಡಿಸಿದೀನಿ."

ಓಬ್ದುಲಿಯಾ ಗೇರು ಹಾಕಿದಳು. ಬೈಕು ಹಾರುವಂತೆ ಓಡಿತು. ತೊಟ್ಟಿಯಲ್ಲಿ ಬ್ರೆಡ್ಡಿನ ಚೀಲಗಳ ಮೇಲೆ ಕುಕ್ಕರುಗಾಲಲ್ಲಿ ಕುಳಿತ ಫೌಸ್ತಿನೊ ಈ ಗಾಡಿಯ ಬ್ರೇಕು ಹೇಗಿದೆ ಎಂದೂ ಕೇಳಲಿಲ್ಲ. ಹತ್ತುವ ಹಳೆಯ ಕಾರುಗಳೆಲ್ಲ ತುದಿಯಲ್ಲಿ ನಿಂತು, ಕುದಿಯುವ ರೇಡಿಯೇಟರಿಗೆ ನೀರು ಕುಡಿಸಿಕೊಂಡು ಮುಂದೆ ಹೋಗುವುದು ವಾಡಿಕೆ. ಅಲ್ಲಿ ಸಿಗಬಹುದು ಎಂದು ಆಸೆಪಟ್ಟ. ಮರುಕ್ಷಣವೇ ನೆನಪಾಯಿತು, ಬೆಲಾರ್ಮಿನೊನ ರೇಡಿಯೇಟರನ್ನು ಹೋದ ತಿಂಗಳು ತಾನೇ ಬೆಸುಗೆ ಹಾಕಿ ಸರಿಮಾಡಿದ್ದ. ಅದು ಕುದಿಯುವುದಿಲ್ಲ. ಅದು ನಿಲ್ಲಬೇಕಾದ ಕಾರಣವೇ ಇಲ್ಲ. ಚೆನ್ನಾಗಿ ಮಾಡಿದ ಕೆಲಸಕ್ಕಾಗಿ ಅವನು ತನ್ನನ್ನು ತಾನೇ ಶಪಿಸಿಕೊಂಡ. ಪ್ರತಿ ತಿರುವಿನಲ್ಲೂ ಕಮರಿಯ ಕಡೆ ಇಣುಕಿ ಹಸಿರು ಬಣ್ಣ ಹುಡುಕಿದ. ಕಾಡೆಲ್ಲ ಹಸಿರೇ ಇತ್ತು.

ಕಾರು ತುದಿಯಲ್ಲೇ ನಿಂತಿತ್ತು. ಚಕ್ರಗಳಿಂದ ಸಣ್ಣಗೆ ಆವಿ ಏಳುತ್ತಿತ್ತು. ಉಬ್ಬಿದ ರಬ್ಬರು ಬ್ರೇಕನ್ನು ಕಚ್ಚಿ ಹಿಡಿದು ಬಿಸಿಯಾಗಿಸಿತ್ತು, ಬೆಲಾರ್ಮಿನೊ ನೀರು ಹೊಯ್ದು ಆರಿಸಿದ್ದ. ಈಗ ಎಲ್ಲರೂ ಮತ್ತೆ ಒಳಗೆ ಕುಳಿತಾಗಿತ್ತು. ಯಾನೆಲಿಸ್ ಮುಂದಿನ ಸೀಟಿನಲ್ಲಿದ್ದಳು. ಫೌಸ್ತಿನೊ ಬೈಕು ನಿಲ್ಲುವ ಮೊದಲೇ ಜಿಗಿದು, ಮುಗ್ಗರಿಸಿ, ಕಾರಿನ ಮುಂದೆ ಎರಡೂ ಕೈ ಚಾಚಿ ನಿಂತ.

"ಇಳೀರಿ! ಎಲ್ಲಾ ಇಳೀರಿ! ತಪ್ಪು ಎಣ್ಣೆ ಹಾಕಿದೀನಿ!"

ಬೆಲಾರ್ಮಿನೊ ಹಣೆ ಚಚ್ಚಿಕೊಂಡ. "ಬಂದಪ್ಪ ಪುಕ್ಕಲ. ಘಟ್ಟದ ಮೇಲಕ್ಕೂ ಬಂದ!"

"ದೇವರಾಣೆ ಬೆಲಾರ್ಮಿನೊ, ಡಬ್ಬೀಲಿ ಉಳಿದಿದ್ದ ರಬ್ಬರು ನೋಡ್ದೆ, ಕೊಳೆತಿದೆ. ಕೆಳಗೆ ಇಳಿಯೋಕೆ ಆಗಲ್ಲ."

"ಹೋದ ವರ್ಷ ಸ್ಟೇರಿಂಗು ಕಿತ್ಕೊಂಡು ಬರುತ್ತೆ ಅಂದೆ. ಬಂತಾ? ಅದಕ್ಕೂ ಹಿಂದೆ ಚಕ್ರ ಕಳಚುತ್ತೆ ಅಂದೆ. ನೋಡು ಇಲ್ಲಿ." ಬೆಲಾರ್ಮಿನೊ ಪೆಡಲು ಒತ್ತಿದ. ಆರಿದ ಬ್ರೇಕು ಗಟ್ಟಿಯಾಗಿಯೇ ನಿಂತಿತು. "ಕಲ್ಲು! ಇನ್ನೇನು ಬೇಕು ನಿಂಗೆ?"

ಹಿಂದಿನ ಸೀಟಿನಲ್ಲಿ ಮೊಟ್ಟೆಯ ತಟ್ಟೆ ತೊಡೆಯ ಮೇಲಿಟ್ಟುಕೊಂಡಿದ್ದ ದಪ್ಪ ಹೆಂಗಸು ಕಿಟಕಿಯಿಂದ ತಲೆ ಹಾಕಿದಳು. "ಬೆಳಗಿನ ಜಾವದಿಂದ ಗಾಡಿಗೆ ಕಾದು ಸಾಕಾಗಿದೆಯಪ್ಪ. ನಿನ್ನ ಹೆದರಿಕೆ ನಿನ್ನ ಮನೇಲಿಟ್ಕೋ."

"ಪಪ್ಪಾ," ಎಂದಳು ಯಾನೆಲಿಸ್. ಅವಳ ಮುಖ ಕೆಂಪಾಗಿತ್ತು. "ಎಲ್ಲರ ಮುಂದೆ ಶುರು ಮಾಡ್ಬೇಡ. ದಾರಿ ಬಿಡು."

ಒಂದು ಜೀವಮಾನವಿಡೀ ಅವನು ಸುಳ್ಳು ಭಯಗಳನ್ನೇ ಹಂಚಿದ್ದ. ನಿಜವಾದದ್ದು ಬಂದಾಗ ಅದನ್ನು ಕೊಳ್ಳುವವರು ಯಾರೂ ಇರಲಿಲ್ಲ. ಬೆಲಾರ್ಮಿನೊ ಎಂಜಿನು ಸ್ಟಾರ್ಟ್ ಮಾಡಿದ. ಫೌಸ್ತಿನೊ ನೆಲಕ್ಕೆ ಅಂಗಾತ ಬಿದ್ದು, ಮುಂದಿನ ಚಕ್ರದ ಪಕ್ಕದಲ್ಲಿ ಕಾರಿನಡಿಗೆ ತೂರಿಕೊಂಡ. ಕಾರು ಅಲುಗಿದ್ದರೆ ಚಕ್ರ ಅವನ ಎದೆಯ ಮೇಲೇ ಹತ್ತುತ್ತಿತ್ತು. ಮೇಲೆ ಯಾನೆಲಿಸ್ ಕಿರುಚಿಕೊಂಡದ್ದು ಕೇಳಿಸಿತು, ಎಂಜಿನು ನಿಂತಿತು. ಸ್ಪ್ಯಾನರು ಎರಡು ಸಲ ಜಾರಿ ಮುಖಕ್ಕೆ ಬಡಿಯಿತು. ಮೂರನೆಯ ಸಲ ಬ್ರೇಕಿನ ಕೊಳವೆ ಬಿಚ್ಚಿಕೊಂಡು ಎಣ್ಣೆ ಧಾರೆಯಾಗಿ ರಸ್ತೆಗೆ ಸುರಿಯಿತು.

ಬೆಲಾರ್ಮಿನೊ ಅವನ ಕಾಲು ಹಿಡಿದು ಎಳೆದು, ಅಂಗಿಯ ಕೊರಳಪಟ್ಟಿ ಹಿಡಿದು ನಿಲ್ಲಿಸಿ, ಕೆನ್ನೆಗೆ ಒಂದು ಬಾರಿಸಿದ. "ನನ್ನ ಅನ್ನಕ್ಕೆ ಮಣ್ಣು ಹಾಕಿದೆಯಲ್ಲೋ!"

"ಹೊಡಿ. ಇನ್ನೊಂದು ಹೊಡಿ," ಎಂದ ಫೌಸ್ತಿನೊ, "ಆಮೇಲೆ ಜಾಕು ಕೊಡು."

ಕಾರಂತೂ ಇನ್ನು ಹೋಗುವಂತಿರಲಿಲ್ಲ. ಬಯ್ಯುತ್ತ ಬಯ್ಯುತ್ತಲೇ ಬೆಲಾರ್ಮಿನೊ ಜಾಕು ತಂದುಕೊಟ್ಟ. ಫೌಸ್ತಿನೊ ಚಕ್ರ ಕಳಚಿ, ಡ್ರಮ್ಮು ಎಳೆದು, ಒಳಗೆ ಕಚ್ಚಿಕೊಂಡಿದ್ದ ರಬ್ಬರ್ ಬಟ್ಟಲನ್ನು ಸ್ಕ್ರೂಡ್ರೈವರಿನಿಂದ ಎಬ್ಬಿ ಅವನ ಅಂಗೈಗೆ ಹಾಕಿದ. ಬೆಲಾರ್ಮಿನೊ ಅದನ್ನು ಹಿಸುಕಿದ. ಅದು ಬೆಂದ ಮರಗೆಣಸಿನಂತೆ ಬೆರಳ ಸಂದಿಯಲ್ಲಿ ಪುಡಿಯಾಯಿತು.

ಬೆಲಾರ್ಮಿನೊ ರಸ್ತೆ ಇಳಿದುಹೋಗುವ ಮೊದಲ ತಿರುವನ್ನು ನೋಡಿದ. ಅದಕ್ಕೆ ತಡೆಗೋಡೆ ಇರಲಿಲ್ಲ, ಅಂಚಿನಾಚೆ ಬರಿ ಆಕಾಶ. ಅವನು ಹೋಗಿ ಒಂದು ಕಲ್ಲು ತಂದು ಚಕ್ರಕ್ಕೆ ಅಡ್ಡ ಇಟ್ಟ. ಇನ್ನೊಂದು ತಂದ. ಇನ್ನೂ ಒಂದು ತಂದ. ಮೊಟ್ಟೆಯ ಹೆಂಗಸು ತಟ್ಟೆಯನ್ನು ನೆಲಕ್ಕಿಟ್ಟು, ಪಕ್ಕದಲ್ಲೇ ಕುಸಿದು ಅಳತೊಡಗಿದಳು.

ಓಬ್ದುಲಿಯಾ ಬ್ರೆಡ್ಡು ಹಂಚಲು ಹಿಂದಿರುಗಿದಳು, ಆ ಹೆಂಗಸನ್ನೂ ತೊಟ್ಟಿಯಲ್ಲಿ ಕೂರಿಸಿಕೊಂಡು. ಉಳಿದವರು ಕಾಯುತ್ತ ನಿಂತರು. ಸ್ವಲ್ಪ ಹೊತ್ತಿಗೆ ಕಣಿವೆಗೆ ಹೋಗುವ ಲಾರಿ ಬಂತು, ಮೈತುಂಬ ಜನ. ಬೆಲಾರ್ಮಿನೊ ಕಾರಿನ ಹತ್ತಿರವೇ ಉಳಿದ, ಪ್ರಯಾಣಿಕರೆಲ್ಲ ಹತ್ತಿದರು. ಯಾನೆಲಿಸ್ ಮಾತ್ರ ಡ್ರೈವರನ ಕಿಟಕಿಯ ಹತ್ತಿರ ಹೋದಳು.

"ಅಣ್ಣಾ, ಬ್ರೇಕು ಯಾವಾಗ ನೋಡಿಸಿದ್ದು?"

"ಏನು?"

"ಬ್ರೇಕು. ಯಾವ ಎಣ್ಣೆ ಹಾಕಿದಾರೆ?"

ಲಾರಿಯಲ್ಲಿದ್ದವರು ನಕ್ಕರು. ಯಾರೋ "ಟೀಚರಮ್ಮ ಪರೀಕ್ಷೆ ಮಾಡ್ತಿದಾರೆ" ಎಂದರು. ಯಾನೆಲಿಸ್ ನಗಲಿಲ್ಲ. ಹಿಂದಕ್ಕೆ ಬಂದು ಅಪ್ಪನ ತೋಳು ಹಿಡಿದಳು. ಅವಳ ತುಟಿ ಬಿಳಿಚಿಕೊಂಡಿತ್ತು. ಕಣ್ಣು ಆ ಮೊದಲ ತಿರುವಿನಿಂದ ಕದಲುತ್ತಿರಲಿಲ್ಲ.

"ಪಪ್ಪಾ, ನೀನು ಆ ಡಬ್ಬಿ ನೋಡದೇ ಇದ್ದಿದ್ರೆ?"

ಅವನು ಎಣ್ಣೆಗೈಯನ್ನು ಅಂಗಿಗೆ ಒರೆಸಿಕೊಂಡ.

"ನಾನು ಹತ್ತಲ್ಲ. ಮನೆಗೆ ಹೋಗೋಣ. ನಡ್ಕೊಂಡು ಹೋಗೋಣ."

ಇಪ್ಪತ್ಮೂರು ವರ್ಷ ಅವನು ದೇವರಲ್ಲಿ ಬೇಡಿದ್ದು ಈ ಹೆದರಿಕೆಯನ್ನೇ. ಈಗ ಅದು ಕಣ್ಣೆದುರು ನಿಂತಿತ್ತು, ಅವನಿಗೆ ಬೇಡವಾಗಿತ್ತು. ನಾಳೆ ಇವಳು ಸಮುದ್ರಕ್ಕಿಳಿಯುವುದಿಲ್ಲ. ನಾಡಿದ್ದು ಮನೆ ಬಿಟ್ಟು ಹೊರಡುವುದಿಲ್ಲ. ತಾನು ನಲವತ್ತು ವರ್ಷ ಬದುಕಿದ ಹಾಗೆ ಬದುಕುತ್ತಾಳೆ.

ಲಾರಿ ಹಾರ್ನು ಹೊಡೆಯಿತು. ಟಯರು ಸವೆದಿದ್ದು, ಹಿಂದಿನ ಅಚ್ಚಿನಿಂದ ಎಣ್ಣೆ ಒಸರುತ್ತಿದ್ದುದು ಎರಡನ್ನೂ ಫೌಸ್ತಿನೊ ಆಗಲೇ ಕಂಡಿದ್ದ. ಬ್ರೇಕಿನ ಬಗ್ಗೆ ಅವನಿಗೆ ಏನೂ ಗೊತ್ತಿರಲಿಲ್ಲ. ಹಿಂಬದಿಯ ಕಬ್ಬಿಣದ ಮೆಟ್ಟಿಲ ಮೇಲೆ ಕಾಲಿಟ್ಟು ಹತ್ತಿದ. ತಿರುಗಿ ಬಗ್ಗಿ, ಮಗಳಿಗೆ ಕೈ ಚಾಚಿದ.

"ಬಾ ಮಗಳೇ, ಶಾಲೆಗೆ ಹೊತ್ತಾಯ್ತು. ಏನೂ ಆಗಲ್ಲ."

ಅವಳು ಆ ತಿರುವಿನಿಂದ ಕಣ್ಣು ತೆಗೆದಳು. ಆಮೇಲೆ ಕೈ ಕೊಟ್ಟಳು. ತನ್ನ ಕೈ ನಡುಗುತ್ತಿರುವುದು ಅವಳಿಗೆ ತಿಳಿಯದಿರಲಿ ಎಂದು ಅವನು ಅವಳ ಕೈಯನ್ನು ನೋವಾಗುವಷ್ಟು ಬಿಗಿಯಾಗಿ ಹಿಡಿದ. ಲಾರಿ ಇಳಿಯತೊಡಗಿತು.