ಬುಡನ್‌ಸಾಬರ ಎರಡು ಬೆರಳು

ಯುದ್ಧದ ವರ್ಷಗಳಲ್ಲಿ ನ್ಯಾಮತಿಯ ಸುತ್ತ ಎಲ್ಲಿ ಕುಣಿತವಿದ್ದರೂ ಹತ್ತಿ ಹಿಂಜುವ ಬುಡನ್‌ಸಾಬರು ಅಲ್ಲಿ ಹಾಜರು. ಹಿಂಜುವ ಬಿಲ್ಲನ್ನು ಪಕ್ಕದಲ್ಲಿಟ್ಟು ಕುಕ್ಕರುಗಾಲಲ್ಲಿ ಕೂತರೆ ಕುಣಿಯುವವರ ಮುಖ ಅವರಿಗೆ ಬೇಡ, ಪಾದ ಸಾಕು. ಮೊಹರಮ್ಮಿನ ಹೆಜ್ಜೆಯಾಗಲಿ, ಕೋಲಾಟವಾಗಲಿ, ಸೂರಗೊಂಡನಕೊಪ್ಪದ ಲಂಬಾಣಿ ಹೆಂಗಸರ ಕುಣಿತವಾಗಲಿ, ಅವರ ತೊಡೆಯ ಮೇಲೆ ಎರಡು ಬೆರಳು ತಾವೇ ಹೆಜ್ಜೆ ಹಾಕುತ್ತಿದ್ದವು. ಎದ್ದ ಧೂಳು ನೋಡಿಯೇ ಯಾವ ಊರಿನವರ ಕುಣಿತವೆಂದು ಹೇಳುವ ಮನುಷ್ಯ, ತಾವು ಮಾತ್ರ ಒಂದು ದಿನವೂ ಕುಣಿದವರಲ್ಲ. "ಸಾಬ್ರೇ, ಬರೇ ನೋಡ್ತಾ ಕುಂತ್ರೆ ಕಾಲಿಗೆ ತುಕ್ಕು ಹಿಡಿತೈತೆ," ಎಂದು ನಮ್ಮೂರ ಪಾಪಣ್ಣ ಕೆಣಕಿದರೆ, "ಕುಣಿಯೋರು ನಮ್ಮನೇಲಿ ಅದಾರೆ ಬಿಡಪ್ಪಾ," ಎಂದು ನಗುತ್ತಿದ್ದರು. ಒಮ್ಮೆ ಹಾಸಿಗೆಯ ಹತ್ತಿ ಕೊಡಲು ಅವರ ಮನೆಗೆ ಹೋದೆ. ನಾಲ್ಕು ವರ್ಷದಿಂದ ಕಾಲು ಸ್ವಾಧೀನವಿಲ್ಲದೆ ಮಲಗಿದ್ದ ಹೆಂಡತಿ ಸೈದಾಬೀ ಕಣ್ಣು ಮುಚ್ಚಿ ಅಂಗೈ ಚಾಚಿದ್ದರು. ಅದರ ಮೇಲೆ ಸಾಬರ ಎರಡು ಬೆರಳು ಕುಣಿಯುತ್ತಿದ್ದವು. "ತಪ್ಪಿತ್ರೀ," ಎಂದರು ಸೈದಾಬೀ. "ಲಂಬಾಣೇರು ಬಗ್ಗಿದ ಮೇಲೆ ತಿರುಗಾದು. ಮದುವೆಗೆ ಮುಂಚೆ ಅವರ ಜೋಡಿ ನಾನೂ ಕುಣಿದೀನಿ." ಸಾಬರು ಬೆರಳು ಹಿಂತೆಗೆದು ಎದ್ದರು. "ಅವರ ಹಬ್ಬ ಇನ್ನೂ ಎರಡು ದಿನ ನಡೀತೈತೆ, ಸರಿಯಾಗಿ ನೋಡ್ಕಂಡು ಬರ್ತೀನಿ," ಎಂದು ನನ್ನ ಹತ್ತಿಯನ್ನೂ ಮರೆತು ಹೊರಟೇಬಿಟ್ಟರು. ಅವರು ಹೊಸ್ತಿಲು ದಾಟಿದ ಮೇಲೂ ಸೈದಾಬೀ ಅಂಗೈ ಮಡಚಲಿಲ್ಲ.