ಬುದ್ಧನನ್ನು ಮುಗಿಸಿ ಬಂದವರು

ಅಮೆರಿಕದ ಹರ್ನ್‌ಡನ್‌ನಲ್ಲಿ ನಮ್ಮ ಪಕ್ಕದ ಮನೆಯ ಅಂಕಲ್ ಯಾವ ಊರನ್ನೂ ನೋಡುತ್ತಿರಲಿಲ್ಲ, ಮುಗಿಸುತ್ತಿದ್ದರು. "ಅದೂ ಮುಗೀತು" ಎಂದು ಅಂಗೈ ಕೊಡವುವುದು ಅವರ ಅಭ್ಯಾಸ. ಚೀನಾದ ಕಡಿದಾದ ಬೆಟ್ಟದಲ್ಲಿ ಕೆತ್ತಿದ ಪುರಾತನ ದೈತ್ಯ ಬುದ್ಧನನ್ನೂ ಮುಗಿಸಿ ಬಂದು, ನಮ್ಮನ್ನು ಊಟಕ್ಕೆ ಕರೆದು ಟಿವಿಯಲ್ಲಿ ಫೋಟೋ ತೋರಿಸಿದರು. ಎಲ್ಲದರಲ್ಲೂ ಅಂಕಲ್ಲೇ ತುಂಬಿದ್ದರು. ಅವರ ಭುಜದ ಹಿಂದೆ ಬುದ್ಧನ ಕಾಲ್ಬೆರಳು ಇಣುಕುತ್ತಿತ್ತು.

"ಇವಳಿಗೆ ಮಂಡಿನೋವು. ಬುದ್ಧನ ಪಾದದವರೆಗೂ ಮೆಟ್ಟಿಲು ಇಳಿಯೋಕಾಗಲ್ಲ ಅಂತ ಮೇಲೇ ಕೂತ್ಬಿಟ್ಲು. ಟಿಕೆಟ್ ವೇಸ್ಟ್, ಏನೂ ನೋಡ್ಲಿಲ್ಲ," ಎಂದು ಅಂಕಲ್ ಹೆಂಡತಿಯತ್ತ ಕೈ ತೋರಿಸಿ ನಕ್ಕರು.

ಹೋಳಿಗೆ ಬಡಿಸುತ್ತಿದ್ದ ಆಂಟಿ ತಲೆಯೆತ್ತಿದರು. "ಮೇಲೆ ಬುದ್ಧನ ಮುಖ ಎದುರಿಗೇ ಇತ್ತು ಕಣ್ರೀ. ನೀವು ವಾಪಸ್ ಬರೋವರೆಗೂ ಅದನ್ನೇ ನೋಡ್ತಾ ಕೂತಿದ್ದೆ. ಅಷ್ಟು ಹೊತ್ತು ನನಗೆ ಯಾರೂ ಬೇಗ ಬಾ ಅನ್ಲಿಲ್ಲ."

ಅಂಕಲ್, "ಫೋನ್ ಕೈಯಲ್ಲೇ ಇತ್ತಲ್ಲ, ಒಂದು ಫೋಟೋ ತೆಗಿಯೋಕೇನಾಗಿತ್ತು ನಿನಗೆ?" ಎಂದು ಆಂಟಿಯನ್ನೇ ಗದರಿದರು.